ಯಾರು ವಲಸಿಗರು?

ಜಗತ್ತಿನಲ್ಲಿ ಅತಿ ಹೆಚ್ಚು ವಲಸಿಗರಿರುವ ದೇಶ ಯಾವುದು? ಈ ಪ್ರಶ್ನೆಗೆ ಒಂದಕ್ಕಿಂತ ಹೆಚ್ಚು ಸರಿಯುತ್ತರಗಳಿವೆ. ವಿಶ್ವಸಂಸ್ಥೆಯ 2020ರ ಅಂದಾಜಿನಂತೆ ಅಮೆರಿಕದಲ್ಲಿ ಸುಮಾರು 5 ಕೋಟಿ ವಲಸಿಗರಿದ್ದರು. ಇಷ್ಟು ದೊಡ್ಡ ಸಂಖ್ಯೆ ಬೇರೆ ಯಾವ ದೇಶದಲ್ಲೂ ಇಲ್ಲ. ಜರ್ಮನಿ ಮತ್ತು ಸೌದಿ ಅರೇಬಿಯಾ ನಂತರ ಬರುತ್ತವೆ. ಆದರೆ ಆಗ ಅಮೆರಿಕದ ಜನಸಂಖ್ಯೆ ಸುಮಾರು 33 ಕೋಟಿ. ಆದ್ದರಿಂದ ಅಲ್ಲಿ ವಲಸಿಗರ ಪಾಲು ಶೇಕಡಾ 15ರಷ್ಟು ಮಾತ್ರ. ಅದೇ ಅಂದಾಜಿನಂತೆ ಯುಎಇಯಲ್ಲಿ ಇದ್ದದ್ದು 87 ಲಕ್ಷ ವಲಸಿಗರು, ಆದರೆ ಪಾಲು ಶೇಕಡಾ 88. ಸಂಖ್ಯೆ ನೋಡಿದರೆ ಅಮೆರಿಕ ಮುಂದೆ, ಪಾಲು ನೋಡಿದರೆ ಕೊಲ್ಲಿ ದೇಶಗಳು ಮುಂದೆ. ನಮ್ಮ ಭಾರತದಲ್ಲಿ ಈ ಪಾಲು ಶೇಕಡಾ ಅರ್ಧಕ್ಕಿಂತಲೂ ಕಡಿಮೆ.

ಕರಾವಳಿಯ ನಮ್ಮ ಮನೆಗಳಿಗೆ ಇವು ಬರೀ ಅಂಕಿಗಳಲ್ಲ. ನನ್ನ ಮಾಮ ದುಬೈಗೆ ಹೋಗಿ ಇಪ್ಪತ್ತು ವರ್ಷ ದಾಟಿತು. ಅವರ ಮಗಳಿಗೆ ನನ್ನದೇ ವಯಸ್ಸು. ಹುಟ್ಟಿದ್ದು, ಓದುತ್ತಿರುವುದು ಎಲ್ಲ ಅಲ್ಲೇ. ಊರಿಗೆ ಬರುವುದು ರಜೆಯಲ್ಲಿ ಮಾತ್ರ. ಆದರೂ ಆ ಶೇಕಡಾ 88ರಲ್ಲಿ ಅವಳೂ ಸೇರಿದ್ದಾಳೆ. ಎಲ್ಲಿಂದಲೂ ಹೊರಟು ಬಾರದವಳು ವಲಸಿಗರ ಲೆಕ್ಕಕ್ಕೆ ಸೇರಿದ್ದು ಹೇಗೆ?

ಕಾರಣ ಎಣಿಸುವ ಕ್ರಮದಲ್ಲಿದೆ. ಅಮೆರಿಕದಲ್ಲಿ ಹೊರದೇಶದಲ್ಲಿ ಹುಟ್ಟಿದವರನ್ನು ವಲಸಿಗರೆಂದು ಎಣಿಸುತ್ತಾರೆ. ಅವರು ಮುಂದೆ ಪೌರತ್ವ ಪಡೆದರೂ ಈ ಲೆಕ್ಕದಲ್ಲಿ ಉಳಿಯುತ್ತಾರೆ. ಅವರ ಮಕ್ಕಳು ಅಲ್ಲೇ ಹುಟ್ಟಿದರೆ ಲೆಕ್ಕಕ್ಕೆ ಬರುವುದಿಲ್ಲ. 1868ರ ಸಂವಿಧಾನ ತಿದ್ದುಪಡಿಯ ಆಧಾರದ ಮೇಲೆ ಅಂಥ ಮಕ್ಕಳಿಗೆ ಪೌರತ್ವ ಸಿಗುತ್ತಾ ಬಂದಿದೆ. ಯುಎಇಯಲ್ಲಿ ಎಣಿಕೆ ಪೌರತ್ವದ ಮೇಲೆ ನಡೆಯುತ್ತದೆ. ವಿದೇಶಿ ತಂದೆ ತಾಯಿಯ ಮಕ್ಕಳಿಗೆ ಅಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಬರುವುದಿಲ್ಲ. ಹಾಗಾಗಿ ನನ್ನ ಮಾಮನ ಮಗಳು ಅಲ್ಲಿ ಎಷ್ಟು ವರ್ಷ ಇದ್ದರೂ ವಲಸಿಗಳೇ.

ಶೇಕಡಾ 88 ಎಂದರೆ ಆ ದೇಶದ ಬಾಗಿಲು ಎಲ್ಲರಿಗೂ ತೆರೆದಿದೆ ಎಂದು ಅನ್ನಿಸಬಹುದು. ದುಡಿಯಲು ತೆರೆದಿದೆ, ನಿಜ. 2020ರ ಅಂದಾಜಿನಂತೆ ಭಾರತದಿಂದಲೇ ಸುಮಾರು 35 ಲಕ್ಷ ಜನ ಅಲ್ಲಿದ್ದರು. ನಮ್ಮೂರಿನ ಎಷ್ಟೋ ಮನೆಗಳು ಎದ್ದು ನಿಂತದ್ದು, ಎಷ್ಟೋ ಮದುವೆಗಳು ನಡೆದದ್ದು ಆ ದುಡಿಮೆಯಿಂದ. ಆ ಋಣವನ್ನು ಮರೆಯಬಾರದು. ಆದರೆ ಮಾಮನಂಥವರಿಗೆ ವೀಸಾ ಕೆಲಸಕ್ಕೆ ಅಂಟಿಕೊಂಡಿದೆ. ಕೊರೊನಾ ಸಮಯದಲ್ಲಿ ಮಾಮನ ಕೆಲಸ ಹೋಯಿತು. ಬೇರೆ ಕೆಲಸ ಸಿಗದಿದ್ದರೆ ಇಡೀ ಮನೆ ಖಾಲಿ ಮಾಡಿ ಬರಬೇಕಿತ್ತು. ಇಲ್ಲಿ ಉಮ್ಮ ಪ್ರತಿ ನಮಾಝಿನ ನಂತರ ಅವರಿಗಾಗಿ ದುಆ ಮಾಡುತ್ತಿದ್ದರು. ಅಲ್ಲಾಹನ ಕೃಪೆಯಿಂದ ಎರಡು ತಿಂಗಳಲ್ಲಿ ಇನ್ನೊಂದು ಕೆಲಸ ಸಿಕ್ಕಿತು. 2019ರಿಂದ ಯುಎಇ ಹೂಡಿಕೆದಾರರಿಗೆ, ಪರಿಣತರಿಗೆ ದೀರ್ಘಾವಧಿಯ ಗೋಲ್ಡನ್ ವೀಸಾ ಕೊಡುತ್ತಿದೆ. ಗೋದಾಮಿನ ಲೆಕ್ಕ ಬರೆಯುವ ಮಾಮನಿಗೆ ಅದು ದೂರದ ಮಾತು.

ನಮ್ಮ ಕಾಲೇಜಿನ ಅನೇಕರ ತಂದೆ, ಅಣ್ಣಂದಿರು ಈ ಲೆಕ್ಕದಲ್ಲಿದ್ದಾರೆ. ಆದ್ದರಿಂದ ವಲಸಿಗರ ಪಟ್ಟಿಯಲ್ಲಿ ದೇಶದೇಶಗಳನ್ನು ಹೋಲಿಸುವಾಗ ನಾವು ಎಷ್ಟು ಜನ, ಶೇಕಡಾ ಎಷ್ಟು ಎಂದು ಕೇಳಿ ನಿಲ್ಲಿಸಬಾರದು. ಯಾರನ್ನು ಎಣಿಸಿದ್ದಾರೆ, ಹಾಗೆ ಎಣಿಸಿದವರ ಕೆಲಸ ಹೋದ ಮೇಲೂ ಅವರಿಗೆ ಅಲ್ಲಿ ಉಳಿಯುವ ಹಕ್ಕು ಇದೆಯೇ ಎಂದೂ ಕೇಳಬೇಕು.