ತೆಳು ತಗಡು, ಸಣ್ಣ ತಂತಿ

ಈ ಸಲ ಕವಿತೆಯೂ ಇಲ್ಲ, ಬಾಲ್ಯದ ನೆನಪೂ ಇಲ್ಲ. ವೆಲ್ಡಿಂಗ್ ಮಷಿನ್ನಿನ ಮಾತು. ಬೇಸರವಾದರೆ ಹೇಳಿ, ಮುಂದಿನ ಸಲ ಮಳೆಯ ಬಗ್ಗೆ ಬರೆದು ಸರಿದೂಗಿಸ್ತೀನಿ :-)

ನಮ್ಮ ಅಕ್ಕನ ಮಗ ಐಟಿಐನಲ್ಲಿ ವೆಲ್ಡರ್ ಟ್ರೇಡ್ ಮುಗಿಸಿ, ಮೂರು ವರ್ಷ ಪುಣೆಯ ಕಡೆ ಗುತ್ತಿಗೆ ಮೇಲೆ ದುಡಿದು, ರೋಣಕ್ಕೆ ವಾಪಸ್ ಬಂದಿದ್ದಾನೆ. ಅಕ್ಕನಿಗೆ ಮಂಡಿನೋವು. ಎರೆಹೊಲ ನೋಡಿಕೊಳ್ಳೋರು ಬೇರೆ ಯಾರೂ ಇಲ್ಲ. ಮನೆ ಮುಂದೆ ಪತ್ರಾಸಿನ ಶೆಡ್ಡು ಇದೆ, ಅಲ್ಲೇ ಒಂದು ಮಿಗ್ ವೆಲ್ಡಿಂಗ್ ಮಷಿನ್ ಇಟ್ಟುಕೊಂಡು ರಿಪೇರಿ ಕೆಲಸ ಹಿಡೀತೀನಿ ಅಂದ. ಕೈಯಲ್ಲಿ ಇದ್ದದ್ದು 40 ಸಾವಿರ ರೂಪಾಯಿ. ಅದರಲ್ಲಿ 22 ಸಾವಿರ ಅವನ ಉಳಿತಾಯ, ಮಿಕ್ಕಿದ್ದು ಅಕ್ಕ ಹೆಸರುಕಾಳು ಮಾರಿದ ದುಡ್ಡು.

"ಇದು ಕೈಕೊಟ್ರ ಮತ್ತ ಪುಣೆನ ಗತಿ ಮಾಮಾ" ಅಂದ. ಹಾಗಾಗಿ ಹುಡುಕಾಟಕ್ಕೆ ನಾನೂ ಜೊತೆಯಾದೆ.

ರೋಣ, ನರಗುಂದ, ಗಜೇಂದ್ರಗಡ, ಈ ಮೂರೂ ಊರಲ್ಲಿ ವೆಲ್ಡಿಂಗ್ ಅಂಗಡಿಗಳಿಗೆ ಬರವಿಲ್ಲ. ಗೇಟು, ಕಿಟಕಿ ಗ್ರಿಲ್ಲು, ಟ್ರೇಲರು, ಕೂರಿಗೆ, ಕುಂಟಿ, ಎಲ್ಲ ಮಾಡ್ತಾರೆ. ಆದರೆ ಅವೆಲ್ಲ ದಪ್ಪ ಕಬ್ಬಿಣದ ಕೆಲಸ, ರಾಡ್ ಹಿಡಿದು ಮಾಡುವಂಥದ್ದು. ಟ್ರ್ಯಾಕ್ಟರಿನ ಮಡ್‌ಗಾರ್ಡು, ಟಂಟಂ ಗಾಡಿಯ ತಳ, ಕೂಲರಿನ ಡಬ್ಬಿ, ತುಕ್ಕು ಹಿಡಿದ ತಿಜೋರಿಯ ಬಾಗಿಲು, ಕಾಳು ತುಂಬುವ ತಗಡಿನ ಪೀಪಾಯಿ, ಇವು ಬಂದರೆ ತಲೆ ಕೆರೆದುಕೊಳ್ತಾರೆ. ಬಜಾರದಲ್ಲಿ ಮೂವತ್ತು ವರ್ಷದಿಂದ ಕೂತ ಹಿರಿಯರೊಬ್ಬರು ನೇರವಾಗಿ ಹೇಳಿದರು: "ತೆಳು ಪತ್ರಾಸ್ ನಮ್ಮ ಕಡೆ ತರಬ್ಯಾಡ್ರಿ. ಒಂದು ತೂತು ಮುಚ್ಚಾಕ ಬಂದವ್ರಿಗೆ ಎರಡು ತೂತು ಕೊಟ್ಟು ಕಳಿಸಿದಂಗ ಆಗ್ತೈತಿ."

ಅಳಿಯನ ಲೆಕ್ಕಾಚಾರ ಅಲ್ಲೇ ಇತ್ತು. ಗೇಟು-ಗ್ರಿಲ್ಲಿಗೆ ಕೈ ಹಾಕಿದರೆ ಆ ಹಿರಿಯರ ಅನ್ನಕ್ಕೆ ಕೈ ಹಾಕಿದಂತೆ. ಅವರು ಬೇಡ ಅನ್ನುವ ಕೆಲಸ ಹಿಡಿದರೆ ಯಾರಿಗೂ ನೋವಿಲ್ಲ. ಹಾಗಾಗಿ ಮಷಿನ್ನು ತೆಳು ತಗಡಿಗೇ ಹೇಳಿ ಮಾಡಿಸಿದಂತಿರಬೇಕು.

ರಾಡ್ ವೆಲ್ಡಿಂಗಿಗೆ ತೆಳು ತಗಡು ಯಾಕೆ ಒಗ್ಗೋದಿಲ್ಲ? 18 ಗೇಜ್ ಅಂದರೆ ಸುಮಾರು 1.2 ಮಿಲಿಮೀಟರ್ ದಪ್ಪ. 20 ಗೇಜ್ 0.9, 22 ಗೇಜ್ ಬರೀ 0.7. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸುಡುವ ರಾಡು 2.5 ಅಥವಾ 3.15 ಮಿಲಿಮೀಟರಿನದು. ತಗಡಿಗಿಂತ ರಾಡೇ ಮೂರು ನಾಲ್ಕು ಪಟ್ಟು ದಪ್ಪ! ಅಷ್ಟು ದಪ್ಪ ರಾಡು ಕರಗಲು ಬೇಕಾದ ಬಿಸಿಗೆ ತಗಡು ಮೊದಲೇ ಕರಗಿ ಕೆಳಗೆ ಬೀಳುತ್ತೆ.

ಮಿಗ್‌ನಲ್ಲಿ ರಾಡಿನ ಬದಲು ಸಣ್ಣ ತಂತಿ. ಸುರುಳಿಯಿಂದ ತಾನೇ ಬಿಚ್ಚಿಕೊಂಡು ಗನ್ನಿನ ತುದಿಗೆ ಬರುತ್ತೆ, ಸುತ್ತಲೂ ಗಾಳಿ ತಾಗದಂತೆ ಗ್ಯಾಸು ಹರಿಯುತ್ತೆ. 1948ರಲ್ಲಿ ಅಮೆರಿಕದ ಬ್ಯಾಟೆಲ್ ಸಂಸ್ಥೆಯಲ್ಲಿ ಇದು ಬೆಳೆದದ್ದು, ಅದೂ ಅಲ್ಯುಮಿನಿಯಂ ಬೆಸೆಯೋದಕ್ಕೆ. 1953ರ ಹೊತ್ತಿಗೆ ಕಾರ್ಬನ್ ಡೈಆಕ್ಸೈಡ್ ಬಳಸಬಹುದು ಅಂತ ಗೊತ್ತಾದ ಮೇಲೆ ಕಬ್ಬಿಣಕ್ಕೂ ಅಗ್ಗವಾಯ್ತು. (ಗೋಲಿ ಸೋಡಾಕ್ಕೆ ಗುಳ್ಳೆ ತರುವುದೂ ಇದೇ ಅನಿಲ!) ಆಮೇಲೆ ಸಣ್ಣ ತಂತಿ, ಕಡಿಮೆ ವೋಲ್ಟೇಜಿನ ಪದ್ಧತಿ ಬಂತು. ತಂತಿಯ ತುದಿ ಸೆಕೆಂಡಿಗೆ ಹತ್ತಾರು ಸಲ ತಗಡನ್ನು ಮುಟ್ಟಿ, ಹನಿ ಇಟ್ಟು, ಹಿಂದೆ ಸರಿಯುತ್ತೆ. ನಡುನಡುವೆ ತಗಡಿಗೆ ಉಸಿರಾಡಲು ಬಿಡುವು. ಇಷ್ಟೇ ಗುಟ್ಟು.

ಹುಬ್ಬಳ್ಳಿಗೆ ಹೋದೆವು. ಮೊದಲ ಅಂಗಡಿಯಲ್ಲಿ "250 ಆಂಪ್ ತಗೊಳ್ರಿ ಸರ್, ಮುಂದ ಏನೇ ಕೆಲಸ ಬಂದ್ರೂ ಬೇಕಾಗ್ತೈತಿ" ಅಂದರು. ಅಳಿಯ ಚೀಟಿ ತೆಗೆದು ಲೆಕ್ಕ ಹಾಕಿದ. ಮಿಗ್‌ನಲ್ಲಿ 250 ಆಂಪಿಗೆ ಸುಮಾರು 26.5 ವೋಲ್ಟ್ ಬೇಕು, ಗುಣಿಸಿದರೆ 6,600 ವಾಟಿನ ಮೇಲಾಯ್ತು. ಮನೆಯ 16 ಆಂಪ್ ಪ್ಲಗ್ಗು 230 ವೋಲ್ಟಿನಲ್ಲಿ ಕೊಡೋದೇ ಹೆಚ್ಚೆಂದರೆ 3,700 ವಾಟ್. ಅಂದ ಮೇಲೆ ಆ 250 ನಮ್ಮ ಶೆಡ್ಡಿನಲ್ಲಿ ಬರೀ ಸ್ಟಿಕ್ಕರಿನ ಮೇಲಿರುತ್ತೆ, ಅಷ್ಟೇ.

ಕೇಳಬೇಕಾದ ಪ್ರಶ್ನೆ ಬೇರೆ: ಈ ಮಷಿನ್ನು ಎಷ್ಟು *ಕಡಿಮೆ* ಆಂಪಿಗೆ ಇಳಿದು ನಿಲ್ಲುತ್ತೆ? ಕಬ್ಬಿಣದ ತಗಡಿಗೆ ಒಂದು ಮಿಲಿಮೀಟರ್ ದಪ್ಪಕ್ಕೆ 40 ಆಂಪ್ ಅಂತ ವೆಲ್ಡರುಗಳ ರೂಢಿಲೆಕ್ಕ. 22 ಗೇಜಿಗೆ 30ರ ಆಸುಪಾಸು ಸಾಕು. ಕೆಲವು ಮಷಿನ್ನುಗಳು 50ಕ್ಕಿಂತ ಕೆಳಗೆ ಬಂದರೆ ತೊದಲುತ್ತವೆ. ಮೇಲಿನ ಅಂಕಿ ದೊಡ್ಡಕ್ಷರದಲ್ಲಿ ಬರೆದಿರುತ್ತಾರೆ, ಕೆಳಗಿನದನ್ನು ನಾವೇ ಕೇಳಿ ತಿಳೀಬೇಕು.

ಕಡಿಮೆ ಆಂಪಿನಿಂದ ಇನ್ನೊಂದು ಅನುಕೂಲ. 40 ಆಂಪಿಗೆ 16 ವೋಲ್ಟ್ ಸಾಕು, ಅಂದರೆ 640 ವಾಟ್. ಮಷಿನ್ನಿನ ನಷ್ಟ ಎಲ್ಲ ಸೇರಿದರೂ ಪ್ಲಗ್ಗಿನಿಂದ ಐದಾರು ಆಂಪ್ ಎಳೆದರೆ ಹೆಚ್ಚು. ಸಂಜೆ ವೋಲ್ಟೇಜು ಇಳಿದಾಗಲೂ ಕೆಲಸ ನಿಲ್ಲೋದಿಲ್ಲ. ಎಕ್ಸ್‌ಟೆನ್ಷನ್ ವೈರು ಮಾತ್ರ ದಪ್ಪನೆಯದಿರಬೇಕು.

ಆಮೇಲೆ ತಂತಿ. 1.0 ಮಿಲಿಮೀಟರಿನದು ಬೇಡ. 0.8 ಸಾಕು, 0.6 ಸಿಕ್ಕರೆ ಇನ್ನೂ ಒಳ್ಳೆಯದು. ಆದರೆ ತಂತಿ ಎಳೆಯುವ ರೋಲರಿನಲ್ಲಿ ಅದರ ಅಳತೆಯ ಗೀರು ಇದೆಯಾ ನೋಡಬೇಕು, ಇಲ್ಲದಿದ್ದರೆ ತಂತಿ ಜಾರಿ ಬೆಸುಗೆ ಕುಣಿಯುತ್ತೆ.

ಇನ್ನು ಗ್ಯಾಸು. "ಸಿಲಿಂಡರ್ ಯಾಕ್ ಬೇಕು, ಗ್ಯಾಸ್ ಇಲ್ಲದ ತಂತಿ ಬಂದೈತಲ್ಲ" ಅಂತ ಅಂಗಡಿಯವರು ಹೇಳಿದರು. ನಿಜ. ಆ ತಂತಿಯ ಹೊಟ್ಟೆಯಲ್ಲೇ ಪುಡಿ ತುಂಬಿರುತ್ತೆ, ಸುಟ್ಟಾಗ ತಾನೇ ಹೊಗೆಯ ಹೊದಿಕೆ ಮಾಡಿಕೊಳ್ಳುತ್ತೆ. ನಮ್ಮ ಕಡೆಗೆ ಇದು ದೊಡ್ಡ ಆಸೆ. ಯಾಕಂದ್ರೆ ಗಾಳಿ! ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಆಷಾಢದಲ್ಲಿ ತಲೆ ಮೇಲಿನ ಟೋಪಿ ನಿಲ್ಲೋದಿಲ್ಲ, ಇನ್ನು ನಿಮಿಷಕ್ಕೆ 10 ಲೀಟರ್ ಹರಿಯುವ ಗ್ಯಾಸು ನಿಂತೀತೇ? ಗ್ಯಾಸು ಹಾರಿಹೋದರೆ ಬೆಸುಗೆ ಜೇನುಗೂಡಿನಂತೆ ತೂತುತೂತು.

ಆದರೆ ಪುಡಿ ತುಂಬಿದ ತಂತಿಯಿಂದ ಕಿಡಿ ಜಾಸ್ತಿ ಹಾರುತ್ತೆ, ಮೇಲೆ ಕಿಟ್ಟ ಕೂರುತ್ತೆ, ತೀರಾ ತೆಳು ತಗಡನ್ನು ಬೇಗ ತೂತು ಮಾಡುತ್ತೆ. ಅಳಿಯ ಹೀಗೆ ತೀರ್ಮಾನಿಸಿದ: ಶೆಡ್ಡಿಗೆ ಮೂರೂ ಕಡೆ ತಾಡಪತ್ರಿ ಕಟ್ಟಿ ಒಳಗೆ ಗ್ಯಾಸಿನ ಕೆಲಸ. ಹೊಲದಲ್ಲಿ ನಿಂತ ಟ್ರ್ಯಾಕ್ಟರಿಗೆ ಹೋಗಬೇಕಾದರೆ ಪುಡಿಯ ತಂತಿ. ಇದಕ್ಕೆ ಮಷಿನ್ನಿನಲ್ಲಿ ಧನ-ಋಣ ಅದಲುಬದಲು ಮಾಡುವ ಅನುಕೂಲ ಇರಲೇಬೇಕು. ಗ್ಯಾಸಿನ ತಂತಿಗೆ ಗನ್ನು ಪ್ಲಸ್ಸಿಗೆ, ಪುಡಿಯ ತಂತಿಗೆ ಗನ್ನು ಮೈನಸ್ಸಿಗೆ. ಕೆಲವು ಅಗ್ಗದ ಮಷಿನ್ನುಗಳಲ್ಲಿ ಇದನ್ನು ಬದಲಿಸೋದಕ್ಕೇ ಬರೋದಿಲ್ಲ.

ಬರೀ ಕಾರ್ಬನ್ ಡೈಆಕ್ಸೈಡ್ ಅಗ್ಗ, ಆದರೆ ಉರಿ ಒರಟು. 80 ಭಾಗ ಆರ್ಗಾನ್, 20 ಭಾಗ ಕಾರ್ಬನ್ ಡೈಆಕ್ಸೈಡ್ ಸೇರಿದ ಗ್ಯಾಸು ತೆಳು ತಗಡಿಗೆ ಮೃದು. 10 ಲೀಟರಿನ ಸಣ್ಣ ಸಿಲಿಂಡರಿನಲ್ಲಿ 150 ಬಾರ್ ಒತ್ತಡಕ್ಕೆ ತುಂಬಿದರೆ ಸುಮಾರು 1,500 ಲೀಟರ್ ಗ್ಯಾಸು, ಅಂದರೆ 150 ನಿಮಿಷದ ಉರಿ. ತೆಳು ಕೆಲಸದಲ್ಲಿ ಒಂದೊಂದು ಸೆಕೆಂಡಿನ ಚುಕ್ಕಿ ಇಡೋದು ತಾನೇ, ಬಹಳ ದಿನ ಬರುತ್ತೆ. ಪದೇ ಪದೇ ಹುಬ್ಬಳ್ಳಿಗೆ ಓಡೋದು ತಪ್ಪುತ್ತೆ.

ಎರಡನೇ ಅಂಗಡಿಯಲ್ಲಿ ಅಳಿಯ ಚೀಲದಿಂದ 22 ಗೇಜಿನ ಎರಡು ತುಂಡು ತೆಗೆದ. "ಅಣ್ಣಾರ, ಇದರ ಮ್ಯಾಲೆ ಹಚ್ಚಿ ನೋಡ್ತೀನ್ರಿ" ಅಂದ. ಮೊದಲ ಅಂಗಡಿಯಲ್ಲಿ ಈ ಮಾತಿಗೆ ನಕ್ಕಿದ್ದರು. ಇಲ್ಲಿಯವರು ಪ್ಲಗ್ ಹಾಕಿ ಕೊಟ್ಟರು. 200 ಆಂಪಿನದು ಮೊದಲ ಚುಕ್ಕಿಗೇ ತಗಡು ತಿಂದಿತು. 160ರದ್ದನ್ನು ಕೆಳಕ್ಕೆ ಇಳಿಸಿ, 0.8 ತಂತಿಯಲ್ಲಿ, ತಗಡಿನ ಹಿಂದೆ ತಾಮ್ರದ ಪಟ್ಟಿ ಇಟ್ಟು, ಒಂದು ಚುಕ್ಕಿ ಈ ತುದಿಗೆ, ಒಂದು ಆ ತುದಿಗೆ, ಒಂದು ನಡುವೆ... ಹೀಗೆ ಜಿಗಿಯುತ್ತಾ ಹೋದ. ಒಂದೇ ಕಡೆ ಎಳೆದರೆ ತಗಡು ಹಪ್ಪಳದಂತೆ ಸೊಟ್ಟಗಾಗುತ್ತಂತೆ. ಕೊನೆಗೆ ಹಿಂದೆ ತಿರುಗಿಸಿ ಬೆಳಕಿಗೆ ಹಿಡಿದ. ಒಂದು ಸೂಜಿಯಷ್ಟು ಬೆಳಕೂ ತೂರಲಿಲ್ಲ. ಅದನ್ನೇ ತಂದೆವು.

ಮಷಿನ್ನು, ಸಿಲಿಂಡರು, ರೆಗ್ಯುಲೇಟರು, ತಂತಿ, ತಾನೇ ಕಪ್ಪಾಗುವ ಹೆಲ್ಮೆಟ್ಟು, ಚರ್ಮದ ಗವಸು ಎಲ್ಲ ಸೇರಿ 38 ಸಾವಿರ ಚಿಲ್ಲರೆ. ಹೆಲ್ಮೆಟ್ಟಿನಲ್ಲಿ ಚೌಕಾಸಿ ಮಾಡಲು ನಾನು ಬಿಡಲಿಲ್ಲ. ಬಜಾರದ ಹಿರಿಯರ ಕೆಂಪು ಕಣ್ಣು ನೋಡಿದ್ದೆನಲ್ಲ.

ಶೆಡ್ಡಿನ ಗೋಡೆಗೆ ಅವನು ಮೂರು ನಿಯಮ ಬರೆದಿದ್ದಾನೆ. ಪೆಟ್ರೋಲ್ ಟ್ಯಾಂಕು, ಔಷಧಿ ಡ್ರಮ್ಮು ಮುಟ್ಟೋದಿಲ್ಲ. ಸತುವಿನ ಲೇಪದ ತಗಡನ್ನು ಉಜ್ಜಿ ಬಿಳುಪು ತೆಗೆಯದೆ ಸುಡೋದಿಲ್ಲ, ಆ ಹೊಗೆ ಕುಡಿದರೆ ರಾತ್ರಿ ಚಳಿಜ್ವರ. ಉದ್ರಿ ಇಲ್ಲ. (ಮೂರನೆಯದು ಅಕ್ಕನ ಸಲಹೆ!)

ಆರು ವಾರ ಆಯ್ತು. ಎರಡು ಟಂಟಂ ತಳ, ನಾಲ್ಕು ಮಡ್‌ಗಾರ್ಡು, ನರಗುಂದದಿಂದ ಬಂದ ಒಂದು ಹಳೇ ಜೀಪಿನ ಬಾಗಿಲು ಮುಗಿದಿವೆ. ಪುಣೆಯ ಸಂಬಳದಷ್ಟು ಇನ್ನೂ ಆಗಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಮಧ್ಯಾಹ್ನ ಮನೆಯಲ್ಲೇ ರೊಟ್ಟಿ ತಿನ್ನುತ್ತಾನೆ, ಅಕ್ಕನನ್ನು ದವಾಖಾನೆಗೆ ತಾನೇ ಕರೆದೊಯ್ಯುತ್ತಾನೆ. ಬಜಾರದ ಹಿರಿಯರು ತೆಳು ಕೆಲಸ ಬಂದರೆ "ಆ ಹುಡುಗನ ಕಡೆ ಹೋಗ್ರಿ" ಅಂತ ಕಳಿಸುತ್ತಿದ್ದಾರೆ. ಗೇಟು ಕೇಳಿಕೊಂಡು ಬಂದವರಿಗೆ ಇವನು ಅವರ ಅಂಗಡಿ ತೋರಿಸುತ್ತಾನೆ.

ನಿಮ್ಮೂರಲ್ಲಿ ತೆಳು ತಗಡಿನ ಕೆಲಸ ಯಾರು ಮಾಡ್ತಾರೆ? ಯಾವ ತಂತಿ, ಯಾವ ಗ್ಯಾಸು? ಗೊತ್ತಿದ್ದವರು ಬರೆಯಿರಿ, ಅಳಿಯನಿಗೆ ಓದಿ ಹೇಳ್ತೀನಿ.