ಗಾಳಿಯ ದಿನದ ಕರೆ

ಬೇಟೆ ಎಂದೊಡನೆ ನಮ್ಮ ಕಣ್ಣೆದುರು ಬರುವುದು ಬೆನ್ನಟ್ಟುವ ಚಿತ್ರ. ಕೂತಲ್ಲಿಂದ ಏಳದೆ ಪ್ರಾಣಿಯನ್ನೇ ತನ್ನ ಬಳಿಗೆ ಕರೆಸಿಕೊಳ್ಳುವ ಬೇಟೆಯೂ ಒಂದುಂಟು. ನಮ್ಮ ಹಕ್ಕಿಪಿಕ್ಕಿ ಜನ ಹಕ್ಕಿಗಳ ದನಿಯನ್ನು ತಮ್ಮ ಬಾಯಿಂದಲೇ ಹೊರಡಿಸಿ ಅವುಗಳನ್ನು ಬಲೆಯತ್ತ ತರುತ್ತಿದ್ದರು. ಅಮೆರಿಕದ ಬಯಲುನಾಡಿನಲ್ಲಿ ಕಯೋಟಿಯನ್ನು ಕರೆಯುವವರು ಹೆಚ್ಚಾಗಿ ಊದುವುದು ಸಾಯುತ್ತಿರುವ ಮೊಲದ ಕೂಗನ್ನು. ಹಸಿದ ಪ್ರಾಣಿ ಆ ಕೂಗನ್ನು ನಂಬಿ ಬರುತ್ತದೆ. ನಂಬಿ ಬರುತ್ತದೆ ಎನ್ನುವುದು ಅಷ್ಟು ಸರಿಯಲ್ಲ ಎಂಬುದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಕಯೋಟಿ ನಮ್ಮ ನರಿಗಿಂತ ತುಸು ದೊಡ್ಡದು, ತೋಳಕ್ಕಿಂತ ಚಿಕ್ಕದು. ಹತ್ತು ಹದಿನೈದು ಕಿಲೋ ತೂಗೀತು. ಹೆಸರು ಮೆಕ್ಸಿಕೋದ ಮೂಲನಿವಾಸಿಗಳ ನಾಹುವಾತಲ್ ಭಾಷೆಯಿಂದ ಸ್ಪ್ಯಾನಿಷ್ ಮೂಲಕ ಬಂದದ್ದು. 1823ರಲ್ಲಿ ಥಾಮಸ್ ಸೇ ಎಂಬ ವಿಜ್ಞಾನಿ ಇದಕ್ಕೆ ‘ಬೊಗಳುವ ನಾಯಿ’ ಎಂಬ ಅರ್ಥದ ಲ್ಯಾಟಿನ್ ಹೆಸರಿಟ್ಟ. ಪಶ್ಚಿಮ ಕ್ಯಾನ್ಸಸ್ಸಿನ ರೈತರು ಮಾತ್ರ ಕೊನೆಯ ಅಕ್ಷರವನ್ನು ನುಂಗಿ ‘ಕೈಯೋಟ್’ ಎನ್ನುತ್ತಾರೆ.

ಆ ಸೀಮೆಯಲ್ಲಿ ಮಗ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದುದರಿಂದ ನಾನು ಒಂದು ಚಳಿಗಾಲ ಅಲ್ಲಿ ಕಳೆದೆ. ವಿಜಾಪುರದ ಕಡೆಯವನಾದ ನನಗೆ ಬಯಲು, ಜೋಳ, ಗಾಳಿ ಮೂರೂ ಹೊಸವಲ್ಲ. ಅಮೆರಿಕದಲ್ಲಿ ಅತಿ ಹೆಚ್ಚು ಜೋಳ ಬೆಳೆಯುವ ರಾಜ್ಯ ಕ್ಯಾನ್ಸಸ್. ಆದರೆ ಅಲ್ಲಿ ಅದರ ಹೆಸರು ಮೈಲೋ, ತಿನ್ನುವುದು ದನ. ನಾವು ಅದರಿಂದ ರೊಟ್ಟಿ ಬಡಿಯುತ್ತೇವೆ ಎಂದಾಗ ನೆರೆಯ ದನದ ರ‍್ಯಾಂಚಿನ ಯಜಮಾನರು ನನ್ನನ್ನು ಕನಿಕರದಿಂದ ನೋಡಿದರು. ನಮ್ಮ ಸ್ನೇಹ ಶುರುವಾದದ್ದು ಆ ಕನಿಕರದಿಂದ.

ಎಪ್ಪತ್ತು ದಾಟಿದ ಅವರ ಕಿವಿ ಮಂದವಾಗಿತ್ತು. ಜನವರಿಯ ಒಂದು ಬೆಳಿಗ್ಗೆ ಬಡಗಣ ಗಾಳಿ ಕಿಟಕಿಗಳನ್ನು ಅಲುಗಿಸುತ್ತಿದ್ದಾಗ ಬಂದು, ‘ಕೈಯೋಟ್ ಕರೆಯಲು ಹೋಗೋಣ, ನೀವು ನನಗೆ ಇನ್ನೊಂದು ಜೊತೆ ಕಣ್ಣಾಗಬೇಕು’ ಎಂದರು. ಇಂಥ ಗಾಳಿಯಲ್ಲೇ? ಎಂದೆ. ‘ಇಂಥ ದಿನ ಅದೂ ನನ್ನಷ್ಟೇ ಕಿವುಡು. ಆಟ ಸರಿಸಮ’ ಎಂದರು.

ಗಾಳಿ ಮಾಡುವ ಕೆಲಸ ಸರಳವಲ್ಲ. ನೆಲದ ಹತ್ತಿರಕ್ಕಿಂತ ಮೇಲೆ ಗಾಳಿಯ ವೇಗ ಹೆಚ್ಚು. ಹಾಗಾಗಿ ಗಾಳಿಗೆ ಎದುರಾಗಿ ಹೋದ ದನಿ ಮೇಲಕ್ಕೆ ಬಾಗಿ ಕೇಳುವವರ ತಲೆಯ ಮೇಲೆ ಹಾದುಹೋಗುತ್ತದೆ. ಗಾಳಿಯ ಜೊತೆ ಹೋದ ದನಿ ನೆಲದತ್ತ ಬಾಗಿ ದೂರ ತಲಪುತ್ತದೆ. ಹಾಗಾದರೆ ಗಾಳಿ ಹೋಗುವ ಕಡೆಗೇ ಊದಿದರಾಯಿತಲ್ಲ ಎನ್ನಬಹುದು. ತೊಡಕು ಇರುವುದು ಅಲ್ಲೇ. ಕೂಗು ಹೋದ ದಾರಿಯಲ್ಲೇ ಮನುಷ್ಯನ ಮೈನಾತವೂ ಹೋಗುತ್ತದೆ. ಸುಳ್ಳನ್ನೂ ನಿಜವನ್ನೂ ಗಾಳಿ ಒಂದೇ ಗಾಡಿಯಲ್ಲಿ ಹೊರುತ್ತದೆ.

ಇದು ಕಯೋಟಿಗೂ ಗೊತ್ತು. ಕೂಗು ಕೇಳಿದರೆ ಅದು ನೇರ ಬಂದು ಬೀಳುವುದು ಅಪರೂಪ. ಸುತ್ತು ಹಾಕಿ, ಗಾಳಿಯ ಕೆಳಗಡೆ ಬಂದು, ಮೂಗಿನಿಂದ ಒಮ್ಮೆ ವಿಚಾರಿಸಿಕೊಳ್ಳುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆಯನ್ನು ಅದಕ್ಕೆ ಯಾರೂ ಕಲಿಸಬೇಕಿಲ್ಲ. ಅದಕ್ಕೇ ಬಲ್ಲವರು ಗಾಳಿಯನ್ನು ಮಗ್ಗುಲಿಗೆ ಹಾಕಿಕೊಂಡು ಕೂರುತ್ತಾರೆ. ಪ್ರಾಣಿ ನಾತದ ಎಳೆಯನ್ನು ಮುಟ್ಟುವ ಮೊದಲು ಬಯಲು ಜಾಗವೊಂದನ್ನು ದಾಟಲೇಬೇಕು, ಹಾಗೆ ಜಾಗ ಆರಿಸುತ್ತಾರೆ. ಗಾಳಿಯ ದಿನ ಕೂಗು ದೂರ ಮುಟ್ಟದು. ಆದ್ದರಿಂದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೆಚ್ಚು ದೂರ ಹೋಗದೆ, ಗಾಳಿಗೆ ಮರೆಯಾದ ಹಳ್ಳಕೊಳ್ಳಗಳನ್ನೇ ಹುಡುಕಿ ಊದುತ್ತಾರೆ. ಕಯೋಟಿ ಮಲಗುವುದೂ ಅಂಥಲ್ಲೇ.

ನಾವು ಟ್ರಕ್ಕನ್ನು ದಿಬ್ಬದ ಹಿಂದೆ ಬಿಟ್ಟು ನಡೆದೆವು. ಒಣಹುಲ್ಲಿನ ಮೇಲೆ ನಮ್ಮ ಹೆಜ್ಜೆಯ ಸದ್ದು ನಮಗೇ ಕೇಳಲಿಲ್ಲ. ಮೊದಲ ಹಳ್ಳದಲ್ಲಿ ಇಪ್ಪತ್ತು ನಿಮಿಷ ಕೂತರೂ ಏನೂ ಬರಲಿಲ್ಲ. ಎರಡನೆಯ ಕಡೆ, ಕತ್ತಾಳೆಯಂಥ ಯುಕ್ಕಾ ಗಿಡಗಳಿಗೆ ಬೆನ್ನು ಕೊಟ್ಟು, ಪಡುವಣಕ್ಕೆ ಮುಖ ಮಾಡಿ ಕೂತೆವು. ಅವರು ತಮ್ಮ ಪುಟ್ಟ ಪೀಪಿಯನ್ನು ಊದಿದರು. ಎಳೆಮಗುವಿನ ಅಳುವನ್ನೇ ಹೋಲುವ ಆ ದನಿಗೆ ನನ್ನ ಕೈ ತಾನಾಗಿ ನೆಲಕ್ಕೆ ಊರಿತು, ಎದ್ದು ಓಡುವವನ ಹಾಗೆ.

ಕಯೋಟಿಯನ್ನು ಮೊದಲು ಕಂಡವನು ನಾನು. ಹಳ್ಳದ ಬಾಯಿಂದ ಹೊರಟು, ನಮ್ಮತ್ತ ಬಾರದೆ, ತೆಂಕಣಕ್ಕೆ ಓರೆಯಾಗಿ ಹೆಜ್ಜೆ ಹಾಕುತ್ತಿತ್ತು. ಗಾಳಿ ಅದರ ಮೈಗೂದಲನ್ನು ಹಿಂದುಮುಂದಾಗಿ ತೀಡುತ್ತಿತ್ತು. ಯಜಮಾನರು ಇನ್ನೊಂದು ಕಡೆ ನೋಡುತ್ತಿದ್ದರು. ಅವರ ಮೊಣಕಾಲನ್ನು ಮುಟ್ಟಿ ಹೇಳುವುದು ನನ್ನ ಪಾಲಿನ ಕೆಲಸ. ಮುಟ್ಟಿದೆ. ಇಂಥ ಗಾಳಿಯಲ್ಲಿ ಇನ್ನೂರು ಗಜ ದೂರದಲ್ಲಿ ಗುಂಡು ಒಂದು ಗೇಣಿನಷ್ಟು ಪಕ್ಕಕ್ಕೆ ಸರಿಯುತ್ತದೆಂದು ಅವರು ಮೊದಲೇ ಹೇಳಿದ್ದರು. ನೂರು ಗಜದೊಳಗೆ ಬರುವವರೆಗೂ ಕಾದರು. ಇನ್ನು ಹತ್ತು ಹೆಜ್ಜೆ ಹೋಗಿದ್ದರೆ ಅದಕ್ಕೆ ನಮ್ಮ ನಾತ ಸಿಗುತ್ತಿತ್ತು, ನಿಜ ತಿಳಿಯುತ್ತಿತ್ತು. ಆ ಹತ್ತು ಹೆಜ್ಜೆ ಅದಕ್ಕೆ ಸಿಗಲಿಲ್ಲ.

ಹತ್ತಿರ ಹೋಗಿ ಯಜಮಾನರು ತುಟಿ ಎತ್ತಿ ಹಲ್ಲು ನೋಡಿದರು. ಸವೆದಿದ್ದವು. ‘ಮುದಿಯದು. ಗಾಳಿ ಇಲ್ಲದ ದಿನ ನಮ್ಮ ಟ್ರಕ್ಕಿನ ಬಾಗಿಲ ಸದ್ದಿಗೇ ಇದು ಹಳ್ಳ ಬಿಡುತ್ತಿತ್ತು’ ಎಂದರು. ಗೆದ್ದವನ ದನಿ ಅದಾಗಿರಲಿಲ್ಲ.

ಹಸುಗಳು ಈಯುವ ಕಾಲ ಹತ್ತಿರವಿತ್ತು, ಅವರಿಗೆ ಕರುಗಳ ಚಿಂತೆ. ಅದು ಸುಳ್ಳು ಚಿಂತೆಯಲ್ಲ. ಆದರೆ ಆ ದೇಶದ ಸರಕಾರವೇ 1931ರಲ್ಲಿ ಕಾಯಿದೆ ಮಾಡಿ ಈ ಪ್ರಾಣಿಯ ಬೆನ್ನು ಹತ್ತಿದೆ. ಬಂದೂಕು, ಬೋನು, ವಿಷ, ಕೊನೆಗೆ ವಿಮಾನ ಎಲ್ಲವೂ ಆದವು. ಸರಕಾರಿ ಭೂಮಿಯಲ್ಲಿ ವಿಷವಿಡುವುದನ್ನು 1972ರಲ್ಲಿ ಅಧ್ಯಕ್ಷ ನಿಕ್ಸನ್ ತಡೆದರು, 1982ರಲ್ಲಿ ರೇಗನ್ ಆ ಆಜ್ಞೆಯನ್ನು ರದ್ದು ಮಾಡಿದರು. ಇಷ್ಟಾಗಿಯೂ ಪಶ್ಚಿಮದ ಬಯಲಿನ ಈ ಪ್ರಾಣಿ ತೋಳಗಳು ಅಳಿದು ತೆರವಾದ ನಾಡನ್ನೆಲ್ಲ ಹಿಡಿದು ಅಟ್ಲಾಂಟಿಕ್ ಕಡಲತನಕ ಹಬ್ಬಿದೆ. ಶಿಕಾಗೋ ನಗರದೊಳಗೂ ಮರಿ ಹಾಕುತ್ತದೆ. ಯಜಮಾನರಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು. ‘ಬರುವ ವಾರ ಆ ಹಳ್ಳಕ್ಕೆ ಇನ್ನೊಂದು ಬರುತ್ತದೆ’ ಎಂದರು.

ನನ್ನನ್ನು ಇಂದಿಗೂ ಕಾಡುವುದು ಸಾವಲ್ಲ. ಕುರಿ ಕಾಯುವ ಮನೆತನಗಳ ನಡುವೆ ಬೆಳೆದ ನಾನು ತೋಳ ನುಗ್ಗಿದ ಹಟ್ಟಿಯ ಬೆಳಗನ್ನು ನೋಡಿದ್ದೇನೆ. ಕಾಡುವುದು ಅದರ ಆ ಓರೆ ನಡಿಗೆ. ಮೋಸ ಹೋದ ಪ್ರಾಣಿ ಅದಲ್ಲ. ಕಿವಿಗೆ ಬಿದ್ದದ್ದನ್ನು ನಂಬದೆ, ಹಸಿವನ್ನು ಹಿಡಿತದಲ್ಲಿಟ್ಟುಕೊಂಡು, ಪರೀಕ್ಷೆ ಮಾಡಲು ಹೊರಟಿತ್ತು. ನಾವು ಕಾದು ಕೂತದ್ದು ಅದರ ದಡ್ಡತನಕ್ಕಲ್ಲ, ವಿವೇಕಕ್ಕೆ. ಅದು ವಿವೇಕದಿಂದ ಯಾವ ದಾರಿ ಹಿಡಿಯುತ್ತದೆಂದು ತಿಳಿದಿದ್ದರಿಂದಲೇ ಬಂದೂಕಿನ ಮೂತಿ ಆ ಕಡೆಗಿತ್ತು.