ತಪ್ಪು ಇಂಗ್ಲಿಷಿನೊಳಗಿನ ಮನೆಮಾತು

ನಮ್ಮ ಹಟ್ಟಿಯಲ್ಲಿ ಅಕ್ಷರ ಬಾರದವರ ಬಾಯಲ್ಲೂ ಇಂಗ್ಲಿಷ್ ಇದೆ. ಚಿನ್ನದ ಗಣಿಯಲ್ಲಿ ದುಡಿದವರ ಮನೆಗಳಲ್ಲಿ ಶಾಫ್ಟ್, ಕೇಜ್, ಲೆವೆಲ್, ಬ್ಲಾಸ್ಟಿಂಗ್, ಶಿಫ್ಟ್, ಓವರ್‌ಟೈಮ್ ಎಂಬ ಶಬ್ದಗಳು ಕನ್ನಡದವೋ ಉರ್ದುವಿನವೋ ಎಂಬಷ್ಟು ಸಲೀಸಾಗಿ ಓಡಾಡುತ್ತವೆ. ಮಲ್ಲಪ್ಪ ಶಾಫ್ಟ್ ಎಂದರೆ ಇಲ್ಲಿನ ಮುದುಕಿಯರಿಗೂ ಗೊತ್ತು. ‘ಇವತ್ತು ಸೆಕೆಂಡ್ ಶಿಫ್ಟ್ ಅದ, ರಾತ್ರಿ ಬರ್ತಾರ’ ಎನ್ನುವ ತಾಯಿಗೆ ತಾನು ಇಂಗ್ಲಿಷ್ ಬೆರೆಸಿದೆನೆಂಬ ಅರಿವೂ ಇರುವುದಿಲ್ಲ. ಆದರೆ ಅಂಥ ತಾಯಂದಿರ ಮಕ್ಕಳೇ ಹತ್ತನೆಯ ತರಗತಿಯಲ್ಲಿ ಇಂಗ್ಲಿಷಿನಲ್ಲಿ ಮುಗ್ಗರಿಸುತ್ತಾರೆ. ಅವರ ಹೆಣ್ಣುಮಕ್ಕಳು ಪಿಯುಸಿಯ ಮೊದಲ ತಿಂಗಳಲ್ಲೇ ಪುಸ್ತಕ ಮುಚ್ಚಿಟ್ಟು ಮನೆಯಲ್ಲಿ ಕೂರುವುದನ್ನು ಕಂಡಿದ್ದೇವೆ. ಇಷ್ಟು ಶಬ್ದಗಳು ಮನೆಯೊಳಗೇ ಇದ್ದೂ ಆ ಭಾಷೆ ನಮ್ಮ ಮಕ್ಕಳಿಗೆ ಯಾಕೆ ಒಲಿಯುವುದಿಲ್ಲ?

ನಾವು ಉರ್ದು ಶಾಲೆಯಲ್ಲಿ ಕಲಿತು, ಆಮೇಲೆ ಕನ್ನಡ ಹೈಸ್ಕೂಲು ಸೇರಿದವರು. ಆಗ ಇಂಗ್ಲಿಷ್ ಶುರುವಾಗುತ್ತಿದ್ದುದು ಐದನೆಯ ತರಗತಿಯಿಂದ. ಒಂದು ನೋಟ್‌ಬುಕ್ಕನ್ನು ಬಲದಿಂದ ತೆರೆಯಬೇಕು, ಉಳಿದೆರಡನ್ನು ಎಡದಿಂದ. ಹೈಸ್ಕೂಲಿನಲ್ಲಿ ನಮ್ಮ ಜೊತೆ ಉರ್ದು ಶಾಲೆಯಿಂದ ಬಂದಿದ್ದ ಹುಡುಗಿಯೊಬ್ಬಳು ಎದ್ದು ನಿಂತು ತನ್ನ ತಾಯಿಯ ಬಗ್ಗೆ ನಾಲ್ಕು ವಾಕ್ಯ ಹೇಳಬೇಕಾಗಿತ್ತು. ‘ಮೈ ಮದರ್ ಈಸ್ ಗುಡ್. ಹೀ ಈಸ್ ಕುಕಿಂಗ್’ ಎಂದಳು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಮಾಸ್ತರರೂ ನಕ್ಕರು. ‘ನಿಮ್ಮವ್ವ ಗಂಡಸೇನು?’ ಎಂದರು. ಆ ಹುಡುಗಿ ಆ ವರ್ಷವಿಡೀ ಇಂಗ್ಲಿಷ್ ಪಿರಿಯಡ್ಡಿನಲ್ಲಿ ಮತ್ತೆ ಬಾಯಿ ತೆರೆಯಲಿಲ್ಲ. ಅವಳೇಕೆ ಹಾಗೆ ಹೇಳಿದಳೆಂದು ಯಾರೂ ಕೇಳಲಿಲ್ಲ.

ಉತ್ತರ ನಮಗೆ ಸಿಕ್ಕಿದ್ದು ಬಹಳ ವರ್ಷಗಳ ನಂತರ, ಹೈದರಾಬಾದಿನ ಆಬಿಡ್ಸ್‌ನಲ್ಲಿ ಭಾನುವಾರ ಫುಟ್‌ಪಾತಿನ ಮೇಲೆ ಹರಡುವ ಹಳೆಯ ಪುಸ್ತಕಗಳ ರಾಶಿಯಲ್ಲಿ. ಚೀನೀ ಮಾತನಾಡುವ ವಿದ್ಯಾರ್ಥಿಗಳಿಗೆಂದೇ ಮಾಡಿದ ಇಂಗ್ಲಿಷ್ ಅಭ್ಯಾಸ ಪುಸ್ತಕ ಅದು. ವ್ಯಾಕರಣ, ಶಬ್ದ, ಓದು ಎಂದು ಮೂರು ಭಾಗ. ಚೀನೀ ಮಾತಿನಲ್ಲಿ ಅವನಿಗೂ ಅವಳಿಗೂ ‘ತಾ’ ಎಂಬ ಒಂದೇ ಉಚ್ಚಾರ. ಆದ್ದರಿಂದ ಅಲ್ಲಿನ ಮಕ್ಕಳು ಹೀ, ಶೀ ಅದಲುಬದಲು ಮಾಡುತ್ತಾರೆ. ಓದುತ್ತಿದ್ದಂತೆ ಆ ಸಹಪಾಠಿಯ ಮುಖ ಕಣ್ಣ ಮುಂದೆ ಬಂತು. ಉರ್ದುವಿನಲ್ಲೂ ಅವನು ‘ವೊ’, ಅವಳೂ ‘ವೊ’. ಹೆಣ್ಣು ಗಂಡು ತಿಳಿಯುವುದು ಕ್ರಿಯಾಪದದಲ್ಲಿ. ಆ ಹುಡುಗಿ ದಡ್ಡಿಯಾಗಿರಲಿಲ್ಲ. ಅವಳ ಬಾಯಲ್ಲಿ ಅವಳ ಮನೆಮಾತು ಇಂಗ್ಲಿಷಿನ ಅಂಗಿ ತೊಟ್ಟು ಬಂದಿತ್ತು, ಅಷ್ಟೇ.

ಇನ್ನೊಂದು ಉದಾಹರಣೆ. ಚೀನೀ ಭಾಷೆಯಲ್ಲಿ ‘ಆದಾಗ್ಯೂ’ ಮತ್ತು ‘ಆದರೆ’ ಜೋಡಿಯಾಗಿ ಬರುತ್ತವೆ. ಉರ್ದುವಿನಲ್ಲೂ ಹಾಗೆಯೇ: ‘ಅಗರ್ಚೆ ಬಾರಿಶ್ ಥೀ, ಲೇಕಿನ್ ವೊ ಆಯಾ’. ಹೀಗಾಗಿ ಬೀಜಿಂಗಿನ ಹುಡುಗನೂ ಹಟ್ಟಿಯ ಉರ್ದು ಶಾಲೆಯ ಹುಡುಗನೂ ‘ಆಲ್ದೋ’ ಎಂದು ಶುರುಮಾಡಿದ ವಾಕ್ಯದ ನಡುವೆ ‘ಬಟ್’ ಸೇರಿಸುತ್ತಾರೆ. ಕನ್ನಡದ ಮನೆಯ ಹುಡುಗನಿಗೆ ಈ ತೊಂದರೆ ಕಡಿಮೆ. ‘ಮಳೆ ಬರುತ್ತಿದ್ದರೂ ಬಂದ’ ಎಂದರೆ ಅವನಿಗೆ ಮುಗಿಯಿತು. ಹೀ, ಶೀಗಳಲ್ಲೂ ಅವನು ಎಡವುವುದಿಲ್ಲ.

ಹಾಗಾದರೆ ಅವನು ಎಡವುವುದೆಲ್ಲಿ? ಓದಿನಲ್ಲಿ. ‘ನಿನ್ನೆ ಅಂಗಡಿಯಲ್ಲಿ ಕಂಡ ಹುಡುಗ’ ಎನ್ನುವಾಗ ಕನ್ನಡದಲ್ಲಿ ವಿವರವೆಲ್ಲ ಮೊದಲು, ಹುಡುಗ ಕೊನೆಗೆ. ಚೀನೀ ಭಾಷೆಯದೂ ಇದೇ ಕ್ರಮ. ಇಂಗ್ಲಿಷಿನಲ್ಲಿ ಹುಡುಗ ಮೊದಲು ಬಂದು ನಿಲ್ಲುತ್ತಾನೆ, ‘ಹೂ’, ‘ವಿಚ್’ ಹಿಡಿದುಕೊಂಡು ವಿವರಗಳು ಹಿಂದೆ ಬರುತ್ತವೆ. ಕನ್ನಡದ ಕಿವಿಗೆ ‘ಹೂ’ ಎಂದರೆ ಪ್ರಶ್ನೆ, ಯಾರು ಎಂದೇ ಕೇಳಿಸುತ್ತದೆ. ಇಲ್ಲಿ ಉರ್ದು ಮಕ್ಕಳಿಗೆ ದಾರಿ ಸುಲಭ, ಅವರ ಹತ್ತಿರ ‘ಜೋ’ ಇದೆ. ಅಂದರೆ ಒಂದೇ ಬೆಂಚಿನ ಮೇಲೆ ಕೂತ ಇಬ್ಬರು ಬೇರೆ ಬೇರೆ ಕಡೆ ಬೀಳುತ್ತಾರೆ. ಒಬ್ಬರು ಬಿದ್ದಲ್ಲಿ ಇನ್ನೊಬ್ಬರು ಕೈ ಹಿಡಿದು ಎತ್ತಬಹುದು. ಇಬ್ಬರೂ ಒಟ್ಟಿಗೆ ಬೀಳುವ ಜಾಗವೂ ಉಂಟು. ‘ಎರಡು ವರ್ಷದಿಂದ’, ‘ದೋ ಸಾಲ್ ಸೆ’ ಎಂಬ ಎರಡೂ ಮಾತು ಸೇರಿ ‘ಸಿನ್ಸ್ ಟೂ ಇಯರ್ಸ್’ ಆಗುತ್ತದೆ. ಅಲ್ಲಿ ‘ಫಾರ್’ ಬೇಕೆಂದು ಮಾಸ್ತರರು ಕೆಂಪು ಗೀಟು ಎಳೆಯುತ್ತಾರೆ. ನಿನ್ನ ಭಾಷೆಯ ‘ಇಂದ’ ನಿನ್ನನ್ನು ಅಲ್ಲಿಗೆ ಕರೆದೊಯ್ದಿತು ಎಂದು ಹೇಳುವವರು ಅಪರೂಪ.

ಅವರಿಗಾದರೂ ಹೇಳಿಕೊಟ್ಟವರು ಯಾರು? 1930ರ ದಶಕದಲ್ಲಿ ಬಂದ ರೆನ್ ಮತ್ತು ಮಾರ್ಟಿನ್ ವ್ಯಾಕರಣ ಇಂದಿಗೂ ನಮ್ಮ ಕಪಾಟುಗಳಲ್ಲಿದೆ. ಅದು ನಿಯಮಗಳನ್ನು ಚೆನ್ನಾಗಿಯೇ ಹೇಳುತ್ತದೆ. ಆದರೆ ಓದುವವನು ಮನೆಯಲ್ಲಿ ಯಾವ ಭಾಷೆ ಆಡುತ್ತಾನೆಂಬುದು ಅದಕ್ಕೆ ಗೊತ್ತಿಲ್ಲ. ಹೊರಗಿನ ಜಗತ್ತು ಈ ವಿಷಯದಲ್ಲಿ ಮುಂದೆ ಹೋಗಿದೆ. ಯಾವ ಭಾಷೆಯವರು ಇಂಗ್ಲಿಷಿನಲ್ಲಿ ಎಲ್ಲಿ ಎಡವುತ್ತಾರೆಂದು ಅಧ್ಯಾಯ ಅಧ್ಯಾಯವಾಗಿ ವಿವರಿಸುವ ‘ಲರ್ನರ್ ಇಂಗ್ಲಿಷ್’ ಎಂಬ ಗ್ರಂಥವನ್ನು ಕೇಂಬ್ರಿಜ್‌ನವರು 1987ರಲ್ಲೇ ಪ್ರಕಟಿಸಿದರು. ಚೀನೀಯರಿಗೆ ಅದರಲ್ಲಿ ಪ್ರತ್ಯೇಕ ಅಧ್ಯಾಯವಿದೆ.

ಭಾಷೆ ಬದಲಾದಾಗ ಮನುಷ್ಯರಿಗೆ ಏನಾಗುತ್ತದೆಂಬುದನ್ನು ನಮ್ಮ ರಾಯಚೂರು ಸೀಮೆಗೆ ಹೊಸದಾಗಿ ಹೇಳಬೇಕಿಲ್ಲ. ನಿಜಾಮರ ಕಾಲದಲ್ಲಿ ಇಲ್ಲಿ ಕಚೇರಿಯ ಭಾಷೆ ಉರ್ದು. 1919ರಲ್ಲಿ ಪಾಠ ಆರಂಭಿಸಿದ ಉಸ್ಮಾನಿಯಾ ವಿಶ್ವವಿದ್ಯಾಲಯ ವಿಜ್ಞಾನವನ್ನೂ ಉರ್ದುವಿನಲ್ಲೇ ಕಲಿಸಿತು, ಇಂಗ್ಲಿಷನ್ನು ಕಡ್ಡಾಯ ವಿಷಯವಾಗಿ ಇಟ್ಟುಕೊಂಡಿತು. ಕನ್ನಡದ ಮನೆಗಳ ಮಕ್ಕಳು ಆಗ ಉರ್ದುವಿನಲ್ಲಿ ಕಷ್ಟಪಟ್ಟು ಓದಿದರು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯ ಸೇರಿತು. ಆಗ ಉರ್ದು ಬಲ್ಲ ಹಿರಿಯರು ಅರ್ಜಿ ಬರೆಸಲು ಬೇರೆಯವರ ಮುಂದೆ ನಿಲ್ಲುವಂತಾಯಿತು. ಅವರೇನೂ ಒಂದು ರಾತ್ರಿಯಲ್ಲಿ ದಡ್ಡರಾಗಿರಲಿಲ್ಲ. ಈಗ ಆ ಎರಡೂ ಮನೆಗಳ ಮೊಮ್ಮಕ್ಕಳು ಇಂಗ್ಲಿಷಿನ ಮುಂದೆ ಒಂದೇ ಸಾಲಿನಲ್ಲಿ ನಿಂತಿದ್ದಾರೆ.

ಸರ್ಕಾರ ಸುಮ್ಮನೆ ಕೂತಿಲ್ಲ. 2007–08ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂತು. ಪ್ರಾಥಮಿಕ ಶಾಲೆಗಳ ಮೇಲೆ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲವೆಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪು ಕೊಟ್ಟಿತು. 2019–20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳು ಶುರುವಾದವು. ಎಂದಿನಿಂದ, ಯಾವ ಮಾಧ್ಯಮದಲ್ಲಿ ಎಂಬ ಜಗಳ ನಮ್ಮಲ್ಲಿ ಬೇಕಾದಷ್ಟು ಆಗಿದೆ. ಹೇಗೆ ಎಂಬ ಪ್ರಶ್ನೆಗೆ ಮಾತ್ರ ಅಷ್ಟು ಗಂಟಲು ಯಾರೂ ಖರ್ಚು ಮಾಡಿಲ್ಲ.

ಹಾಗೆಂದು ಯೋಚಿಸಿದವರೇ ಇಲ್ಲವೆಂದಲ್ಲ. ಢಾಕಾದಲ್ಲಿ ಶಿಕ್ಷಣಾಧಿಕಾರಿಯಾಗಿದ್ದ ಮೈಕೆಲ್ ವೆಸ್ಟ್ 1926ರಲ್ಲಿ ಬಂಗಾಳದ ಮಕ್ಕಳ ಬಗ್ಗೆ ಬರೆಯುತ್ತಾ ವಿಮೆಯವರ ಮಾತೊಂದನ್ನು ಎರವಲು ತಂದರು: ಸರೆಂಡರ್ ವ್ಯಾಲ್ಯೂ. ಪಾಲಿಸಿಯನ್ನು ನಡುವೆ ಕೈಬಿಟ್ಟರೂ ಒಂದಿಷ್ಟು ಹಣ ವಾಪಸು ಬರುತ್ತದಲ್ಲ, ಹಾಗೆಯೇ ಶಾಲೆಯನ್ನು ನಡುವೆ ಬಿಟ್ಟ ಮಗುವಿನ ಕೈಯಲ್ಲಿ ಏನು ಉಳಿಯುತ್ತದೆಂದು ಅವರು ಕೇಳಿದರು. ಓದಿ ತಿಳಿಯುವ ಶಕ್ತಿಯಾದರೂ ಉಳಿಯಲಿ, ಮೊದಲು ಅದನ್ನು ಕೊಡಿ ಎಂಬುದು ಅವರ ವಾದ. ಅದಕ್ಕೆಂದೇ ಹೊಸ ಶಬ್ದಗಳು ಸ್ವಲ್ಪಸ್ವಲ್ಪವೇ ಬಂದು ಮತ್ತೆ ಮತ್ತೆ ಎದುರಾಗುವಂಥ ವಾಚಕಗಳನ್ನು ಮಾಡಿದರು. ನಮ್ಮ ಬೆಂಗಳೂರಿನಲ್ಲೇ 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ಪ್ರಯೋಗ ನಡೆಯಿತು. ವ್ಯಾಕರಣದ ನಿಯಮ ಬಾಯಿಪಾಠ ಮಾಡಿಸದೆ, ವೇಳಾಪಟ್ಟಿ, ನಕ್ಷೆಗಳನ್ನು ಮುಂದಿಟ್ಟು ಇಂಗ್ಲಿಷಿನಲ್ಲೇ ಲೆಕ್ಕ ಬಿಡಿಸುವಂತೆ ಮಾಡಿದರು. ಜಗತ್ತಿನಾದ್ಯಂತ ಇಂಗ್ಲಿಷ್ ಮೇಷ್ಟ್ರುಗಳು ಅದನ್ನು ಓದುತ್ತಾರೆ. ಅದರ ಫಲ ಹಟ್ಟಿಯವರೆಗೆ ಬಂದದ್ದನ್ನು ನಾವು ಕಂಡಿಲ್ಲ.

ಸರೆಂಡರ್ ವ್ಯಾಲ್ಯೂ ಎಂಬ ಮಾತು ನಮ್ಮನ್ನು ಬಹಳ ಹೊತ್ತು ಕಾಡಿತು. ಕಥೆಗಾರರಾದ ನಮಗೆ ಪಾತ್ರಗಳಾಗಿ ಒದಗಿದ ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಮಂದಿ ಶಾಲೆಯನ್ನು ನಡುವೆ ಬಿಟ್ಟವರೇ. ನಿಕಾಹ್ ಆಗಿ ಸಿಂಧನೂರಿಗೋ ಮಸ್ಕಿಗೋ ಹೋದ ಮೇಲೆ ಮಗುವಿನ ಔಷಧಿ ಬಾಟಲಿಯ ಮೇಲಿನ ಎರಡು ಸಾಲನ್ನು ಓದಲಾರದೆ ಮೆಡಿಕಲ್ ಅಂಗಡಿಯವನ ಬಾಯಿ ನೋಡುತ್ತಾರೆ. ಐದಾರು ವರ್ಷದ ಇಂಗ್ಲಿಷ್ ಪಾಠದಿಂದ ಅವರಿಗೆ ಉಳಿದದ್ದೇನು?

ಈಗ ನಮ್ಮ ಓಣಿಯ ಕೆಲವು ಮಕ್ಕಳು ಸಂಜೆ ನಮ್ಮ ಮನೆಗೆ ಬರುತ್ತಾರೆ. ದೊಡ್ಡ ಪಾಠವೇನೂ ಅಲ್ಲ. ಗಣಿಯ ಶಬ್ದಗಳಿಂದಲೇ ಶುರು. ಶಿಫ್ಟ್ ಎಂದರೆ ಪಾಳಿ, ಜರುಗಿಸುವುದಕ್ಕೂ ಅದೇ ಶಬ್ದ ಎಂದಾಗ ಕಣ್ಣರಳಿಸುತ್ತಾರೆ. ಒಂದು ವಾಕ್ಯವನ್ನು ಕನ್ನಡದಲ್ಲಿ, ಉರ್ದುವಿನಲ್ಲಿ, ಇಂಗ್ಲಿಷಿನಲ್ಲಿ ಒಂದರ ಕೆಳಗೊಂದು ಬರೆದು, ಯಾವ ಶಬ್ದ ಎಲ್ಲಿಗೆ ಜಿಗಿಯಿತೆಂದು ಗೆರೆ ಎಳೆಯುತ್ತಾರೆ. ಆಮೇಲೆ ಬ್ಯಾಂಕಿನ ಚೀಟಿ, ಔಷಧಿಯ ಡಬ್ಬಿ, ಪರೀಕ್ಷೆಯ ಹಾಲ್‌ಟಿಕೆಟ್ಟು, ಏನು ಸಿಕ್ಕರೆ ಅದನ್ನು ಓದುತ್ತೇವೆ. ‘ವೊ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಎರಡು ಬಾಗಿಲು ಎಂದು ಒಮ್ಮೆ ತೋರಿಸಿದರೆ ಸಾಕು, ನಗುವ ಪ್ರಶ್ನೆಯೇ ಬರುವುದಿಲ್ಲ.

ಮಾಸ್ತರರಲ್ಲಿ, ಆಪಾಗಳಲ್ಲಿ ನಮ್ಮ ವಿನಂತಿ ಇಷ್ಟೇ: ಕೆಂಪು ಗೀಟು ಎಳೆಯುವ ಮೊದಲು ‘ಇದನ್ನು ನಿಮ್ಮ ಮನೆಯಲ್ಲಿ ಹೆಂಗ ಅಂತೀರಿ?’ ಎಂದು ಮಗುವನ್ನು ಒಮ್ಮೆ ಕೇಳಿ. ಅರ್ಧ ಪಾಠ ಆ ಉತ್ತರದಲ್ಲೇ ಇರುತ್ತದೆ.